ನಾರದರ ಪ್ರಶ್ನೆಗಳೂ ಕಾಲೇಜಿನ ಉತ್ತರಗಳೂ

ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ನಮ್ಮ ಕಾಲೇಜುಗಳೊಳಗೆ ಒಂದು ಗದ್ಯಪ್ರಕಾರ ಸದ್ದಿಲ್ಲದೆ ಬೆಳೆದುಕೊಂಡಿದೆ. ಅದಕ್ಕೆ ಕರ್ತೃವಿದ್ದಾನೆ, ಆದರೆ ಮುಖಪುಟದಲ್ಲಿ ಅವನ ಹೆಸರಿಲ್ಲ. ಓದುಗರಿದ್ದಾರೆ, ಆದರೆ ಒಬ್ಬರೂ ಇಷ್ಟಪಟ್ಟು ಓದುವವರಲ್ಲ. ಬಹುಮಾನವೂ ಉಂಟು, ಅದು ಒಂದು ಇಂಗ್ಲಿಷ್ ಅಕ್ಷರ, ಅದೃಷ್ಟವಿದ್ದರೆ ಪಕ್ಕದಲ್ಲಿ ಒಂದೆರಡು ಕೂಡುವ ಚಿಹ್ನೆ. ಗಾತ್ರದಲ್ಲಿ ಅದು ದೊಡ್ಡ ಕಾದಂಬರಿಗೆ ಸೋಲುವುದಿಲ್ಲ. ಒಂದು ಊರು, ಅದರ ಮಕ್ಕಳು, ಅವರಿಗೆ ಕಲಿಸುವವರು, ಅವರೆಲ್ಲರ ಆಸೆ, ಸೋಲು ಎಲ್ಲವೂ ಅದರ ವಸ್ತು. ಇಷ್ಟಿದ್ದೂ ಸಾಹಿತ್ಯದ ಪುಟಗಳಲ್ಲಿ ಅದರ ವಿಮರ್ಶೆ ಬಂದುದನ್ನು ನಾನು ಕಂಡಿಲ್ಲ. ‘ಸ್ವಯಂ ಅಧ್ಯಯನ ವರದಿ’ ಎಂಬುದು ಈ ಪ್ರಕಾರದ ಹೆಸರು. ಕಾಲೇಜುಗಳು ‘ನ್ಯಾಕ್’ ಎಂಬ ಸಂಸ್ಥೆಗೆ ಒಪ್ಪಿಸುವ ವರದಿ ಅದು.

ಈ ವರದಿಗಳನ್ನು ಕಾಲೇಜುಗಳು ತಮ್ಮ ಜಾಲತಾಣಗಳಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಿಂದ ಮೊದಲುಮಾಡಿ ಬೆಂಗಳೂರಿನವರೆಗೆ ಹಲವನ್ನು ನಾನು ಕಳೆದ ಕೆಲವು ತಿಂಗಳು ಓದಿದೆ. ಯಾವ ಕಾಲೇಜಿನ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ನಾನು ಹೇಳಬೇಕೆಂದಿರುವ ದೋಷ ಪ್ರಕಾರದ್ದು, ಬರೆದವರದಲ್ಲ. ಬರೆದವರು ಬಹುಮಟ್ಟಿಗೆ ಪಾಠ ಮುಗಿಸಿ, ಪರೀಕ್ಷೆಯ ಕೆಲಸ ಮುಗಿಸಿ, ರಾತ್ರಿ ಮನೆಯಲ್ಲಿ ಕುಳಿತು ಕೋಷ್ಟಕ ತುಂಬಿದ ಅಧ್ಯಾಪಕರು. ಅವರ ಬಗ್ಗೆ ನನಗಿರುವುದು ಸಹಾನುಭೂತಿಯೇ.

ವಾಚಕರಲ್ಲಿ ಎಲ್ಲರಿಗೂ ಈ ವ್ಯವಸ್ಥೆಯ ಪರಿಚಯವಿರಲಾರದು. ನಾಲ್ಕು ಮಾತು ಹೇಳುತ್ತೇನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೂ 1992ರ ಅದರ ಕಾರ್ಯಯೋಜನೆಯೂ ಉನ್ನತ ಶಿಕ್ಷಣದ ಗುಣವನ್ನು ಅಳೆಯುವ ಒಂದು ಸ್ವತಂತ್ರ ಸಂಸ್ಥೆ ಬೇಕೆಂದುವು. 1994ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಎಂದರೆ ಯುಜಿಸಿ, ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತನ್ನು ಹುಟ್ಟುಹಾಕಿತು. ಇದರ ಮನೆ ನಮ್ಮ ಬೆಂಗಳೂರಿನಲ್ಲಿಯೇ, ನಾಗರಬಾವಿಯಲ್ಲಿ. ಕಾಲೇಜು ಮೊದಲು ತನ್ನನ್ನು ತಾನೇ ಅಧ್ಯಯನ ಮಾಡಿಕೊಂಡು ಬರೆಯಬೇಕು. ಆಮೇಲೆ ಹೊರಗಿನ ವಿದ್ವಾಂಸರ ತಂಡವೊಂದು ಬಂದು ನೋಡಿ ತಾಳೆಹಾಕಬೇಕು. ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ ಗ್ರಂಥಾಲಯ, ವಿದ್ಯಾರ್ಥಿಗಳಿಗೆ ಆಸರೆ, ಆಡಳಿತ, ಮೌಲ್ಯಗಳು ಎಂದು ಏಳು ಬಾಬು. ಒಟ್ಟು 4 ಅಂಕಕ್ಕೆ ಲೆಕ್ಕ. 2016ರಿಂದ ಬಂದ ಕ್ರಮದಲ್ಲಿ 3.51 ದಾಟಿದರೆ ‘ಎ’ ಮತ್ತು ಎರಡು ಕೂಡುವ ಚಿಹ್ನೆ; 1.50ಕ್ಕೆ ನಿಂತರೆ ‘ಡಿ’, ಎಂದರೆ ಮಾನ್ಯತೆಯಿಲ್ಲ. ಇದು ಒಂದು ಸಲದ ಶಾಸ್ತ್ರವಾಗಬಾರದೆಂದು ಪ್ರತಿ ಕಾಲೇಜಿನಲ್ಲಿ ಆಂತರಿಕ ಗುಣಮಟ್ಟ ಭರವಸೆ ಕೋಶವೆಂಬುದೊಂದು ಇರಬೇಕು, ಅದು ವರ್ಷವರ್ಷವೂ ಏನು ಸುಧಾರಿಸಿತೆಂದು ಬರೆದು ಕಳುಹಿಸಬೇಕು. ಸತತ ಸುಧಾರಣೆಯೆಂಬ ಮಾತು ನಮ್ಮ ಕಾಲೇಜುಗಳ ಗೋಡೆಯ ಮೇಲೆ ಬಂದದ್ದು ಈ ದಾರಿಯಿಂದ.

ಯೋಜನೆ ಕೆಟ್ಟದ್ದಲ್ಲ. ನಿನ್ನನ್ನು ನೀನು ನೋಡಿಕೊಂಡು ಬರೆ ಎಂದು ಒಂದು ಸಂಸ್ಥೆಗೆ ಹೇಳುವುದು ದೊಡ್ಡ ಮಾತು. ಆತ್ಮಕಥೆ ಬರೆಯಲು ಹೊರಟ ಮನುಷ್ಯನಿಗೂ ಕಷ್ಟವಾದ ಕೆಲಸವದು.

ಇದನ್ನು ಓದುತ್ತಿದ್ದಾಗ ನನಗೆ ಮತ್ತೆಮತ್ತೆ ನೆನಪಿಗೆ ಬಂದ ಊರು ಚಿಗಟೇರಿ. ಹರಪನಹಳ್ಳಿ ತಾಲ್ಲೂಕಿನ ಹೋಬಳಿಯ ಊರು. ಅಲ್ಲಿ ನಾರದಮುನಿಗೆ ಗುಡಿಯುಂಟು. ಕಥೆ ಪುರಾಣಗಳಲ್ಲಿ ನಾರದ ಎಲ್ಲೆಲ್ಲಿಯೂ ಸುಳಿದಾಡುತ್ತಾನೆ, ಆದರೆ ದೇವರಾಗಿ ಒಂದು ಊರಿನಲ್ಲಿ ನೆಲೆನಿಂತು ಪೂಜೆಗೊಳ್ಳುವುದು ಅಪರೂಪ. ಚಿಗಟೇರಿಯವರ ಪಾಲಿಗೆ ಅವನು ಜಗಳ ಹಚ್ಚುವ ನಾಟಕದ ನಾರದನಲ್ಲ. ಭಕ್ತಿಗೆ ಪಾತ್ರನಾದ ಮುನಿ. ನಾಟಕದವರು ಮರೆಸಿಬಿಟ್ಟ ಇನ್ನೊಬ್ಬ ನಾರದನೂ ಇದ್ದಾನೆ. ಮಹಾಭಾರತದ ಸಭಾಪರ್ವದ ಆರಂಭದಲ್ಲಿ, ಮಯ ಕಟ್ಟಿಕೊಟ್ಟ ಹೊಸ ಸಭೆಯಲ್ಲಿ ಧರ್ಮರಾಯ ಕುಳಿತಿರುವಾಗ, ಅವನು ಬರುತ್ತಾನೆ. ಅರ್ಘ್ಯಪಾದ್ಯವಾದ ಮೇಲೆ ಪ್ರಶ್ನೆಗಳನ್ನು ಶುರುಮಾಡುತ್ತಾನೆ. ಕುಮಾರವ್ಯಾಸನನ್ನು ಓದಿದವರಿಗೂ ಈ ಪ್ರಸಂಗ ಗೊತ್ತು. ಬೊಕ್ಕಸ ಹೇಗಿದೆ, ಮಂತ್ರಿಗಳು ಎಂಥವರು, ರೈತನ ಬಳಿ ಬೀಜ ಉಂಟೆ, ಮಳೆಯೊಂದನ್ನೇ ನೆಚ್ಚದಂತೆ ಅಲ್ಲಲ್ಲಿ ಕೆರೆಗಳನ್ನು ಕಟ್ಟಿಸಿರುವೆಯಾ, ಸೇವಕರಿಗೆ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿರುವೆಯಾ. ವ್ಯಾಸರ ಸಂಸ್ಕೃತದಲ್ಲಿ ಅದು ಒಂದು ಇಡೀ ಅಧ್ಯಾಯ. ಶ್ಲೋಕದ ಮೇಲೆ ಶ್ಲೋಕ, ಪ್ರಶ್ನೆಯ ಮೇಲೆ ಪ್ರಶ್ನೆ. ನ್ಯಾಕ್ ತಂಡದ ಪೂರ್ವಜನನ್ನು ಹುಡುಕುವವರು ಇದಕ್ಕಿಂತ ಹಿಂದೆ ಹೋಗಬೇಕಾಗಿಲ್ಲ.

ಅಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಪ್ರಶ್ನೆಗಳಿಗಿಂತ ಧರ್ಮರಾಯನ ಉತ್ತರ. ಎಲ್ಲವೂ ಇದೆ, ಎಲ್ಲವೂ ಆಗಿದೆ ಎಂದು ಅವನು ಹೇಳುವುದಿಲ್ಲ. ಹಿಂದಿನವರು ನಡೆದ ಒಳ್ಳೆಯ ದಾರಿಯಲ್ಲಿ ನಡೆಯಬೇಕೆಂಬ ಆಸೆ ನಮಗೂ ಇದೆ, ಆದರೆ ಮನಸ್ಸನ್ನು ಬಿಗಿಹಿಡಿದ ಅವರು ನಡೆದಂತೆ ನಡೆಯುವುದು ನಮ್ಮಿಂದಾಗುತ್ತಿಲ್ಲ ಎಂಬ ಅರ್ಥದ ಮಾತಾಡುತ್ತಾನೆ. ಚಕ್ರವರ್ತಿಯಾಗಲು ಹೊರಟವನು, ಹೊಸ ಕಟ್ಟಡದ ನಡುವೆ ಕುಳಿತು, ತಪಾಸಣೆಗೆ ಬಂದವನ ಎದುರು ಆಡಿದ ಮಾತು ಇದು. ಹಾಗೆ ಹೇಳಿದುದರಿಂದ ಅವನ ಅಂತಸ್ತಿಗೆ ಕುಂದೇನೂ ಬರಲಿಲ್ಲ. ಅಷ್ಟರಲ್ಲೇ ಅವನು ನಾರದನನ್ನು ಮರುಪ್ರಶ್ನೆಯನ್ನೂ ಕೇಳುತ್ತಾನೆ: ಇಂಥ ಸಭೆಯನ್ನು ನೀವು ಬೇರೆಲ್ಲಾದರೂ ಕಂಡದ್ದುಂಟೆ ಎಂದು. ಕಟ್ಟಡದ ಹೆಮ್ಮೆ ಅವನಿಗೂ ಇತ್ತು!

ಈ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ವರದಿಗಳನ್ನು ಓದಬೇಕು.

ವರದಿಯ ಆರಂಭದಲ್ಲಿ ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಸವಾಲು ಎಂಬ ನಾಲ್ಕು ತಲೆಬರಹಗಳಿರುತ್ತವೆ. ಬಲದ ಕೆಳಗೆ ಹೇಳುವುದು ಎಲ್ಲ ಕಡೆಯೂ ಒಂದೇ: ಅನುಭವಿ ಅಧ್ಯಾಪಕರು, ದೂರದೃಷ್ಟಿಯ ಆಡಳಿತ, ಹಸಿರು ಆವರಣ. ನಾನು ಕುತೂಹಲದಿಂದ ಓದಿದ್ದು ದೌರ್ಬಲ್ಯದ ಭಾಗವನ್ನು. ಅಲ್ಲಿ ಒಂದು ಜಾಣತನ ಕೆಲಸಮಾಡಿದೆ. ಬರೆದ ದೌರ್ಬಲ್ಯಗಳೆಲ್ಲ ಸಂಸ್ಥೆಯ ಹೊರಗಿನವು. ವಿದ್ಯಾರ್ಥಿಗಳು ಹಳ್ಳಿಯವರು, ಅವರಿಗೆ ಇಂಗ್ಲಿಷ್ ಬಾರದು, ಸುತ್ತ ಕೈಗಾರಿಕೆಗಳಿಲ್ಲ, ಆದುದರಿಂದ ಉದ್ಯೋಗ ದೊರೆಯುವುದು ಕಡಮೆ. ಎಂದರೆ ಕಾಲೇಜಿನ ದೌರ್ಬಲ್ಯ ಯಾವುದು? ಅಲ್ಲಿಗೆ ಬಂದ ಮಕ್ಕಳು! ಇದನ್ನು ಬರೆದವರಿಗೆ ಈ ಅರ್ಥ ಹೊಳೆದಿರಲಾರದು, ಹೊಳೆದಿದ್ದರೆ ಬರೆಯುತ್ತಿರಲಿಲ್ಲ. ಅವರ ಕೈಯಲ್ಲಿ ಇದನ್ನು ಬರೆಯಿಸಿದ್ದು ಪ್ರಕಾರದ ಒತ್ತಡ.

ಊರಿನ ವರ್ಣನೆ ಇನ್ನೊಂದು ಸೋಜಿಗ. ‘ಹಿಂದುಳಿದ, ಬರಪೀಡಿತ, ಗ್ರಾಮೀಣ ಪ್ರದೇಶ’ ಎಂಬ ಮೂರು ವಿಶೇಷಣಗಳಲ್ಲಿ ಒಂದು ಸೀಮೆ ಮುಗಿದುಹೋಗುತ್ತದೆ. ಹರಪನಹಳ್ಳಿ ಎಂದಿರುವ ಕಡೆ ಕೂಡ್ಲಿಗಿ ಎಂದು ಬರೆದರೂ ವರದಿಗೆ ಏನೂ ಆಗುವುದಿಲ್ಲ. ಆದರೆ ಈ ಐದು ಊರುಗಳು ಒಂದೇ ಬಗೆಯವೆ? ಹಡಗಲಿಯದು ಮಲ್ಲಿಗೆಯ ನೆಲ, ತುಂಗಭದ್ರೆಯ ದಂಡೆ. ಹಗರಿಬೊಮ್ಮನಹಳ್ಳಿಗೆ ಹಗರಿಯ ಮೇಲೆ ಮಾಲವಿ ಜಲಾಶಯವಿದೆ. ಕೂಡ್ಲಿಗಿಯದು ಕಲ್ಲುಬೆಟ್ಟಗಳ ನಾಡು. ಗುಡೇಕೋಟೆಯ ಕಡೆ ಕರಡಿಗಳಿಗೆ ಧಾಮ ಮಾಡಿದ್ದಾರೆ. ಕೊಟ್ಟೂರಿಗೆ ರಥೋತ್ಸವದ ಹೊತ್ತಿಗೆ ಜನ ಹಗಲಿರುಳು ನಡೆದುಕೊಂಡು ಬರುತ್ತಾರೆ. ಆ ವಾರ ತರಗತಿಯಲ್ಲಿ ಎಷ್ಟು ಮಂದಿ ಇರುತ್ತಾರೆಂಬುದು ಅಲ್ಲಿಯ ಅಧ್ಯಾಪಕರಿಗೆ ಗೊತ್ತು, ವರದಿಗೆ ಗೊತ್ತಿಲ್ಲ. ಹರಪನಹಳ್ಳಿಯ ಹೊಲಗಳಲ್ಲಿ ಮೆಕ್ಕೆಜೋಳದ ಒಕ್ಕಲು ಬಂದಾಗ ಹಾಜರಿ ಪುಸ್ತಕವೂ ಬಡವಾಗುತ್ತದೆ. ಇನ್ನು ಹರಪನಹಳ್ಳಿಯ ಆಡಳಿತದ ಕಥೆ: 1953ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರು ರಾಜ್ಯ, 1997ರಲ್ಲಿ ದಾವಣಗೆರೆ ಜಿಲ್ಲೆ, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಜಿಲ್ಲೆ ಬದಲಾದಾಗಲೆಲ್ಲ ಕಚೇರಿಯ ದಾರಿ ಬದಲಾಗುತ್ತದೆ, ವಿದ್ಯಾರ್ಥಿವೇತನಕ್ಕೆ ಬೇಕಾದ ಕಾಗದಗಳ ದಾರಿಯೂ. ಒಂದು ಕಾಲೇಜು ತನ್ನ ಸನ್ನಿವೇಶವನ್ನು ಬರೆಯಬೇಕೆಂದರೆ ಇಂಥದನ್ನು ಬರೆಯಬೇಕಲ್ಲವೆ?

ಚಿಗಟೇರಿ ಹೋಬಳಿಯ ಹಳ್ಳಿಗಳಿಂದ ಪದವಿ ಓದಲು ಹೋಗುವ ಹುಡುಗ ಹುಡುಗಿಯರು ಬಹುಮಂದಿ ಬೆಳಗಿನ ಬಸ್ಸನ್ನು ನಂಬಿದವರು. 2023ರ ಜೂನಿನಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಮಾಡಿಕೊಟ್ಟಾಗ ಒಂದು ತಡೆ ಸರಿಯಿತು. ಬಸ್ಸಿನ ವೇಳೆಯೆಂಬ ತಡೆ ಮಾತ್ರ ಇದ್ದಲ್ಲೇ ಉಳಿಯಿತು. ಇಂಥ ಕಾಲೇಜಿನ ವೇಳಾಪಟ್ಟಿಯನ್ನು ಪ್ರಾಂಶುಪಾಲರು ರಚಿಸುತ್ತಾರೆಂಬುದು ಹೆಸರಿಗೆ. ನಿಜವಾಗಿ ರಚಿಸುವವನು ಬಸ್ ನಿಲ್ದಾಣದ ಕಂಟ್ರೋಲರು. ಮೊದಲ ತಾಸಿನ ಪಾಠವನ್ನು ಅರ್ಧ ಗಂಟೆ ಮುಂದೆ ಹಾಕಿದರೆ ಹತ್ತು ಮಂದಿ ಹೆಚ್ಚು ಬರುತ್ತಾರೆಂದು ಕಂಡುಕೊಂಡು, ಹಾಕಿ ನೋಡಿ, ಬಂದರೋ ಇಲ್ಲವೋ ಎಂದು ಎಣಿಸಿ, ಬರದಿದ್ದರೆ ಮತ್ತೆ ಬೇರೆ ಯೋಚಿಸುವುದು: ಸತತ ಸುಧಾರಣೆಯೆಂದರೆ ಇಷ್ಟೇ. ನಾನು ಓದಿದ ವರದಿಗಳಲ್ಲಿ ಈ ಬಗೆಯ ಒಂದು ಸಣ್ಣ ಸಂಗತಿಗಾಗಿ ಪುಟಗಟ್ಟಲೆ ಅಲೆಯಬೇಕಾಯಿತು. ಒಂದೆರಡು ಸಿಕ್ಕವು. ಸಿಕ್ಕಾಗ ಆದ ಸಂತೋಷ ಒಳ್ಳೆಯ ಕಥೆ ಓದಿದಾಗಿನ ಸಂತೋಷವೇ.

ಶೈಲಿಯ ವಿಚಾರ. ಈ ಗದ್ಯದಲ್ಲಿ ಕರ್ತೃಪದವೇ ಇಲ್ಲ. ಎಲ್ಲವೂ ‘ಪ್ರೋತ್ಸಾಹಿಸಲಾಗುತ್ತದೆ’, ‘ಖಾತ್ರಿಪಡಿಸಲಾಗುತ್ತದೆ’, ‘ಕ್ರಮ ಕೈಗೊಳ್ಳಲಾಗುತ್ತದೆ’. ಯಾರು ಪ್ರೋತ್ಸಾಹಿಸಿದರು, ಯಾರನ್ನು, ಏನಾಯಿತು? ಇಂಗ್ಲಿಷಿನಲ್ಲಿ ಬರೆದುದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ, ಆದರೆ ಈ ‘ಲಾಗುತ್ತದೆ’ ಇಂಗ್ಲಿಷಿನ ಕಚೇರಿಯಿಂದ ಕನ್ನಡದ ಕಚೇರಿಗೂ ಎಂದೋ ಬಂದು ಕುಳಿತಿದೆ. ಕನ್ನಡದ ಸಹಜವಾದ ವಾಕ್ಯ ಕೆಲಸ ಮಾಡಿದವನನ್ನು ಮುಂದೆ ನಿಲ್ಲಿಸುತ್ತದೆ. ಆತ ಮಾಡಿದ, ಆಕೆ ಬಿಟ್ಟಳು, ನಾವು ಮರೆತೆವು. ಕರ್ತೃವಿಲ್ಲದ ವಾಕ್ಯದಲ್ಲಿ ತಪ್ಪಿಗೆ ಜಾಗವಿಲ್ಲ. ತಪ್ಪಿಗೆ ಜಾಗವಿಲ್ಲದ ಕಡೆ ಸುಧಾರಣೆ ಎಲ್ಲಿಂದ ಹುಟ್ಟಬೇಕು?

ಈಗ ಈ ಪ್ರಕಾರದ ಅತ್ಯಂತ ಸ್ವಾರಸ್ಯದ ಅಧ್ಯಾಯಕ್ಕೆ ಬರುತ್ತೇನೆ. ಕಾಲೇಜು ತನ್ನ ಎರಡು ‘ಉತ್ತಮ ಪರಿಪಾಠ’ಗಳನ್ನು ವಿವರಿಸಬೇಕು. ಅದಕ್ಕೊಂದು ಗೊತ್ತಾದ ನಮೂನೆಯಿದೆ: ಪರಿಪಾಠದ ಹೆಸರು, ಉದ್ದೇಶ, ಸನ್ನಿವೇಶ, ನಡೆಸುವ ಬಗೆ, ಫಲಿಸಿದುದಕ್ಕೆ ಸಾಕ್ಷ್ಯ, ಎದುರಾದ ತೊಡಕುಗಳು ಮತ್ತು ಬೇಕಾದ ಸಂಪನ್ಮೂಲ. ನಮೂನೆ ಮಾಡಿದವರು ಬುದ್ಧಿವಂತರೆನ್ನದೆ ವಿಧಿಯಿಲ್ಲ. ಕಥೆಯ ಅಂಗಗಳೆಲ್ಲ ಇದರಲ್ಲಿವೆ. ‘ಎದುರಾದ ತೊಡಕುಗಳು’ ಎಂಬ ತಲೆಬರಹವೊಂದೇ ಸಾಕು. ಅದು ಪ್ರಾಮಾಣಿಕತೆಗೆ ಬಿಟ್ಟ ಕಿಟಕಿ. ಆ ಕಿಟಕಿಯಲ್ಲಿ ಇಣುಕಿದರೆ ಏನು ಕಾಣುತ್ತದೆ? ಸಮಯದ ಅಭಾವ. ಹಣದ ಅಭಾವ. ಕೆಲವು ಕಡೆ, ‘ಗಮನಾರ್ಹ ತೊಡಕುಗಳೇನೂ ಇಲ್ಲ’. ಕಾಡು ಬೆಳೆಸಲು ಹೊರಟವನಿಗೆ, ಹೆಣ್ಣುಮಕ್ಕಳಿಗೆ ಧೈರ್ಯ ತುಂಬಲು ಹೊರಟವಳಿಗೆ, ಹಳ್ಳಿಯ ಮಕ್ಕಳಿಗೆ ಲೆಕ್ಕಪತ್ರ ಕಲಿಸಲು ಹೊರಟವರಿಗೆ ತೊಡಕೇ ಬರಲಿಲ್ಲವಂತೆ! ಪುಣ್ಯವಂತರು.

ಪರಿಚಯದ ಒಬ್ಬ ಸಂಯೋಜಕರನ್ನು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಇದೇಕೆ ಹೀಗೆ ಎಂದು ಕೇಳಿದೆ. “ಖರೇ ಬರದ್ರ ಗ್ರೇಡು ಹೋಕ್ಕೈತಿ ಸಾರ್, ನಾ ಒಬ್ಬನ ಮಾರೀಗೆ ಹತ್ತತೈತಿ” ಎಂದರು. ಮೂರು ಗಂಟೆ ನಾನು ವಿಮರ್ಶೆ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಗುಣಮಟ್ಟದ ಮಾತು ಹುಟ್ಟಿದ್ದು ವಿದ್ಯಾಶಾಲೆಯಲ್ಲಲ್ಲ, ಕಾರ್ಖಾನೆಯಲ್ಲಿ. 1924ರಲ್ಲಿ ಅಮೆರಿಕದ ವಾಲ್ಟರ್ ಷೂಹಾರ್ಟ್ ಎಂಬಾತ ಟೆಲಿಫೋನ್ ತಯಾರಿಕೆಯ ಏರುಪೇರನ್ನು ಹಿಡಿಯಲು ಒಂದು ರೇಖಾಪಟ ಮಾಡಿದ. ಆತ 1947–48ರಲ್ಲಿ ಭಾರತಕ್ಕೂ ಬಂದಿದ್ದ. ಕಲ್ಕತ್ತದಲ್ಲಿ ಮಹಾಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆ ಈ ವಿದ್ಯೆಯನ್ನು ಕೈಗೆತ್ತಿಕೊಂಡು 1950ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಅದರ ಘಟಕ ತೆರೆಯಿತು. ಅವನ ದಾರಿಯಲ್ಲಿ ನಡೆದ ಡೆಮಿಂಗ್ 1950ರಲ್ಲಿ ಜಪಾನಿನ ಯಂತ್ರಶಿಲ್ಪಿಗಳಿಗೆ ಉಪನ್ಯಾಸಮಾಡಿದ. ಜಪಾನು ಅದನ್ನು ಕೇಳಿ ಏನು ಮಾಡಿತೆಂಬುದು ಲೋಕಕ್ಕೆಲ್ಲ ಗೊತ್ತು. ನಮ್ಮವರು ಡೆಮಿಂಗನ ಹೆಸರನ್ನು ಕಾರ್ಯಾಗಾರಗಳಲ್ಲಿ ಮಂತ್ರದಂತೆ ಹೇಳುತ್ತಾರೆ. ಆದರೆ 1986ರ ತನ್ನ ಪುಸ್ತಕದಲ್ಲಿ ಅವನು ಕೊಟ್ಟ ಹದಿನಾಲ್ಕು ಸೂತ್ರಗಳಲ್ಲಿ ಒಂದು, ಗುಣಕ್ಕಾಗಿ ತಪಾಸಣೆಯನ್ನು ನೆಚ್ಚಬೇಡಿ ಎಂಬುದು. ಇನ್ನೊಂದು, ಕೆಲಸದ ಜಾಗದಿಂದ ಭಯವನ್ನು ಹೊರಗಟ್ಟಿ ಎಂಬುದು. ಮತ್ತೊಂದು, ಗೋಡೆಯ ಘೋಷಣೆಗಳನ್ನು ತೆಗೆದುಹಾಕಿ ಎಂಬುದು. ಹೆದರಿದ ಮನುಷ್ಯ ಅಂಕಿಯನ್ನು ಸರಿಪಡಿಸುತ್ತಾನೆ, ಕೆಲಸವನ್ನಲ್ಲ ಎಂಬುದು ಅವನ ತಿಳಿವಳಿಕೆಯ ಸಾರ. ನಾವು ತಪಾಸಣೆಯನ್ನೂ ಭಯವನ್ನೂ ಘೋಷಣೆಯನ್ನೂ ಇಟ್ಟುಕೊಂಡು ಅವನ ಹೆಸರನ್ನು ಸೇರಿಸಿದ್ದೇವೆ.

ಚಿಗಟೇರಿಯ ಹೆಸರು ದಾವಣಗೆರೆಯಲ್ಲಿ ಇನ್ನೊಂದು ರೀತಿಯಲ್ಲಿ ಬೆಳಗುತ್ತದೆ. ಅಲ್ಲಿಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಆಸ್ಪತ್ರೆಯೆಂದು ಹೆಸರು; ವೈದ್ಯವಿದ್ಯಾರ್ಥಿಗಳು ಅಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು ವಿದ್ಯೆ ಕಲಿಯುತ್ತಾರೆ. ಆಸ್ಪತ್ರೆಯೆಂದಾಗ ನನಗೆ ನೆನಪಾಗುವುದು ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯನ ಕಥೆ. ಚಿಕಿತ್ಸೆ ಪಡೆದು ಹೋದ ಪ್ರತಿ ರೋಗಿಯೂ ಒಂದು ವರ್ಷದ ಮೇಲೆ ಹೇಗಿದ್ದಾನೆಂದು ವಿಚಾರಿಸಬೇಕು, ಗುಣವಾಗದಿದ್ದರೆ ಏಕೆಂದು ಬರೆದಿಡಬೇಕು ಎಂಬುದು ಅವನ ಹಟ. ತಾನಿದ್ದ ದೊಡ್ಡ ಆಸ್ಪತ್ರೆ ಒಪ್ಪಲಿಲ್ಲ. 1914ರಲ್ಲಿ ಅದನ್ನು ಬಿಟ್ಟ. 1911ರಲ್ಲೇ ತೆರೆದಿದ್ದ ತನ್ನ ಪುಟ್ಟ ಆಸ್ಪತ್ರೆಯಲ್ಲಿ ಹಾಗೆಯೇ ಮಾಡಿದ. 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಚಿಕಿತ್ಸೆಯಲ್ಲಿ 123 ತಪ್ಪುಗಳನ್ನು ಗುರುತಿಸಿ, ವರ್ಗೀಕರಿಸಿ, ತನ್ನ ಖರ್ಚಿನಲ್ಲಿ ಅಚ್ಚುಹಾಕಿಸಿ ಹಂಚಿದ. ಆ ಪುಸ್ತಕದಿಂದ ಅವನಿಗೆ ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ಈಗ ವೈದ್ಯಲೋಕ ಅವನನ್ನು ಗುಣಪರೀಕ್ಷೆಯ ಆದಿಪುರುಷನೆಂದು ಕೊಂಡಾಡುತ್ತದೆ. ಸ್ವಯಂ ಅಧ್ಯಯನ ವರದಿಯೆಂದರೆ ನನ್ನ ಮಟ್ಟಿಗೆ ಅದು. ನಮ್ಮ ಯಾವ ಕಾಲೇಜಾದರೂ, ಸೇರಿದವರು ಇಷ್ಟು, ನಡುವೆ ಬಿಟ್ಟವರು ಇಷ್ಟು, ಅವರಲ್ಲಿ ಮದುವೆಯಾಗಿ ಹೋದವಳು ಇಂಥವಳು, ಗುಳೆ ಹೋದವನು ಇಂಥವನು, ಪಾಠ ಅರ್ಥವಾಗದೆ ಬಿಟ್ಟವರು ಇಷ್ಟು, ಇದರಲ್ಲಿ ನಮ್ಮ ತಪ್ಪು ಇಷ್ಟು ಎಂದು ಬರೆದಿದ್ದರೆ, ಅದನ್ನು ನಾನು ಈ ಪುಟದಲ್ಲಿ ವರ್ಷದ ಪುಸ್ತಕವೆಂದು ಹೊಗಳುತ್ತಿದ್ದೆ.

ಹಾಗೆಂದು ಈ ಪದ್ಧತಿಯಿಂದ ಏನೂ ಒಳಿತಾಗಿಲ್ಲವೆಂದರೆ ಅನ್ಯಾಯವಾದೀತು. ತಂಡ ಬರುತ್ತದೆಂಬ ಕಾರಣಕ್ಕೆ ಎಷ್ಟೋ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಬಂತು, ಅಂಗವಿಕಲರಿಗೆ ಇಳಿಜಾರು ದಾರಿ ಬಂತು, ಗ್ರಂಥಾಲಯದ ಬೀರುಗಳಿಗೆ ಬೀಗ ತೆಗೆಯಿತು. ಬೀಗ ತಂಡ ಹೋದ ಮೇಲೆ ಮತ್ತೆ ಬಿದ್ದಿತೆಂದು ಕೊಂಕು ನುಡಿಯುವವರಿದ್ದಾರೆ; ಎಲ್ಲ ಕಡೆ ಹಾಗಾಗಿರಲಾರದು. ಹಿಂದಿನ ಕಾಲದಲ್ಲಿ ಇದಾವುದೂ ಇಲ್ಲದೆಯೇ ಕಾಲೇಜುಗಳು ಬೆಳಗಿದುವೆಂದು ಹೇಳುವವರೂ ಇದ್ದಾರೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದಾಗ ಅದನ್ನು ಯಾವ ನಮೂನೆಯಲ್ಲೂ ಉತ್ತಮ ಪರಿಪಾಠವೆಂದು ತುಂಬಿರಲಿಲ್ಲ ಎಂಬುದು ನಿಜ. ಆದರೆ ಆ ಕಾಲೇಜಿನ ಬಾಗಿಲಿಗೆ ಚಿಗಟೇರಿಯ ಕೂಲಿಕಾರನ ಮಗಳು ಬರುವಂತಿರಲಿಲ್ಲ. ಇಂದು ಬರುತ್ತಾಳೆ. ಬಂದವಳಿಗೆ ಏನು ಸಿಗುತ್ತದೆಂದು ಕೇಳುವುದಕ್ಕಾಗಿಯೇ ನಾರದ ಬೇಕು. ಹಳೆಯ ಕಾಲದ ಹೊಗಳಿಕೆ ಆ ಪ್ರಶ್ನೆಗೆ ಉತ್ತರವಲ್ಲ.

2017ರ ಪರಿಷ್ಕರಣದ ಮೇಲೆ ವರದಿಯಲ್ಲಿ ಮಾತು ಕಡಮೆಯಾಗಿ ಅಂಕಿ ಹೆಚ್ಚಾಯಿತು. ಅಂಕಗಳ ದೊಡ್ಡ ಪಾಲು, ಸುಮಾರು ನೂರಕ್ಕೆ ಎಪ್ಪತ್ತು, ಕಂಪ್ಯೂಟರಿಗೆ ಊಡಿದ ಲೆಕ್ಕದಿಂದಲೇ ನಿರ್ಣಯವಾಗುವಂತಾಯಿತು. ಮಾತಿನಲ್ಲಿ ಉತ್ಪ್ರೇಕ್ಷೆಯಿರುತ್ತದೆ, ಅಂಕಿಯಲ್ಲಿ ಇರುವುದಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. ಜೊತೆಗೆ ಸಾಕ್ಷ್ಯಕ್ಕೆ ಛಾಯಾಚಿತ್ರ; ಅದರ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ ಮುದ್ರಿತವಾಗಿರಬೇಕು. ನಾನು ನೋಡಿದ ಇಂಥ ಚಿತ್ರಗಳಲ್ಲಿ ಅರ್ಧಕ್ಕೆ ಅರ್ಧ ಗಿಡ ನೆಡುವವು. ಐದಾರು ಮಂದಿ ಒಂದು ಸಸಿಯನ್ನು ಮುಟ್ಟಿಕೊಂಡು ಕ್ಯಾಮೆರಾ ಕಡೆ ನೋಡುತ್ತಿರುತ್ತಾರೆ. ನೆಟ್ಟ ಚಿತ್ರ ಪ್ರತಿವರ್ಷ ಬರುತ್ತದೆ. ಹೋದವರ್ಷ ನೆಟ್ಟದ್ದು ಈಗ ಎಷ್ಟೆತ್ತರವಾಯಿತೆಂಬ ಚಿತ್ರ ನನಗೆ ಸಿಕ್ಕಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬರುವ ಫಲ ಒಂದೇ ಅಕ್ಷರ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಉಪವಾಸವಿದ್ದು ಬಿಲ್ಲನೇರಿ, ಲಕ್ಷಾಂತರ ಜನ ಉಸಿರು ಹಿಡಿದು ನಿಂತಿರುವಾಗ, ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಸಾಲಿಗೆ ರೈತ ಒಂದು ಅರ್ಥ ಹೇಳುತ್ತಾನೆ, ರಾಜಕಾರಣಿ ಇನ್ನೊಂದು, ವ್ಯಾಪಾರಿ ಮತ್ತೊಂದು. ‘ಬಿ’ಯ ಮುಂದೆ ಒಂದು ಚಿಹ್ನೆಯೋ ಎರಡೋ ಎಂಬುದೂ ಹಾಗೆಯೇ ವ್ಯಾಖ್ಯಾನಕ್ಕೆ ಸಿಕ್ಕಿ ಫಲಕವಾಗಿ, ಜಾಹೀರಾತಾಗಿ ಹೊರಬರುತ್ತದೆ. ಒಂದೇ ವ್ಯತ್ಯಾಸ: ಕಾರ್ಣಿಕವನ್ನು ಮೊದಲೇ ಕೊಂಡುಕೊಳ್ಳಬಹುದೆಂದು ಯಾರೂ ಎಣಿಸುವುದಿಲ್ಲ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಮೇಲಿನ ದರ್ಜೆ ಕೊಡಿಸಲು ಲಂಚ ಕೈಬದಲಾಯಿತೆಂಬ ಆರೋಪದ ಮೇಲೆ ಸಿಬಿಐ ತಪಾಸಣಾ ತಂಡದವರನ್ನೇ ಬಂಧಿಸಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯದ ಮಾತು. ಒಂದಕ್ಷರಕ್ಕೆ ಅಷ್ಟು ಬೆಲೆ ಕಟ್ಟಿದರೆ ಮಾರುಕಟ್ಟೆ ಹುಟ್ಟದೆ ಇರುತ್ತದೆಯೆ ಎಂಬ ಪ್ರಶ್ನೆ ಮಾತ್ರ ನಮ್ಮದು. ಅದಕ್ಕೆ ಹಿಂದಿನ ವರ್ಷವೇ, 2024ರ ಜನವರಿಯಲ್ಲಿ, ಅಕ್ಷರಗಳನ್ನು ಬಿಟ್ಟು ಮಾನ್ಯತೆ ಉಂಟು ಅಥವಾ ಇಲ್ಲ ಎಂಬ ಎರಡೇ ಬಗೆ ಮಾಡುವುದಾಗಿಯೂ, ಮೇಲೇರಬಯಸುವವರಿಗೆ ಐದು ಮೆಟ್ಟಿಲುಗಳನ್ನಿಡುವುದಾಗಿಯೂ ನ್ಯಾಕ್ ಪ್ರಕಟಿಸಿತು. ಈ ಸಾಹಿತ್ಯಪ್ರಕಾರದ ಹಿತದೃಷ್ಟಿಯಿಂದ ನಾನದನ್ನು ಸ್ವಾಗತಿಸುತ್ತೇನೆ. ಅಕ್ಷರದ ಭಯ ಹೋದರೆ ತೊಡಕಿನ ತಲೆಬರಹದ ಕೆಳಗೆ ಯಾರಾದರೂ ನಾಲ್ಕು ಸಾಲು ನಿಜ ಬರೆದಾರು.

ಆ ನಿಜದಲ್ಲಿ ಮೊದಲು ಬರಬೇಕಾದದ್ದು ಅತಿಥಿ ಉಪನ್ಯಾಸಕರ ವಿಷಯ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗ ನಡೆಯುವುದು ಹತ್ತು ಸಾವಿರಕ್ಕೂ ಮಿಕ್ಕ ಈ ಜನರಿಂದ. ಊರು ದೂರವಾದಷ್ಟೂ ಅವರ ಭಾರ ಹೆಚ್ಚು. 2022ರ ಜನವರಿಯಲ್ಲಿ ಅವರ ಗೌರವಧನ ಹೆಚ್ಚಿತು, ಜೊತೆಗೆ ವಾರದ ಕೆಲಸವನ್ನು ಹದಿನೈದು ತಾಸಿಗೆ ಏರಿಸಿದ್ದರಿಂದ ಕೆಲವರಿಗೆ ಜಾಗವೇ ಇಲ್ಲದಾಯಿತು. 2023ರ ಕೊನೆಯಲ್ಲಿ ಕಾಯಂ ಮಾಡಿರೆಂದು ಅವರು ವಾರಗಟ್ಟಲೆ ಮುಷ್ಕರ ಹೂಡಿದಾಗ ಎಷ್ಟೋ ಕಾಲೇಜುಗಳ ತರಗತಿಗಳು ಖಾಲಿ ಬಿದ್ದುವು. ಹತ್ತು ಹದಿನೈದು ವರ್ಷ ಒಂದೇ ಊರಿನಲ್ಲಿ ಕಲಿಸಿದವರನ್ನು ಅತಿಥಿಯೆಂದು ಕರೆಯುವ ಭಾಷೆಯ ಚಮತ್ಕಾರ ನನಗೆ ಅರ್ಥವಾಗಿಲ್ಲ. ಅತಿಥಿಗೆ ನಾವು ಮೊದಲು ಊಟ ಬಡಿಸುವವರಲ್ಲವೆ? ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿರುವೆಯಾ ಎಂಬ ನಾರದನ ಪ್ರಶ್ನೆ ಕಾಲೇಜಿಗೆ ಕಳುಹಿಸುವ ಪ್ರಶ್ನಾವಳಿಗಿಂತ ಹೆಚ್ಚಾಗಿ ರಾಜಧಾನಿಗೆ ಹೋಗಬೇಕಾದದ್ದು. ಮೂಲದಲ್ಲಿ ನಾರದ ಅದನ್ನು ಕೇಳಿದ್ದು ರಾಜನನ್ನೇ, ದ್ವಾರಪಾಲಕನನ್ನಲ್ಲ. ನಾನು ಓದಿದ ವರದಿಗಳಲ್ಲಿ ಅತಿಥಿ ಉಪನ್ಯಾಸಕರು ಒಂದು ಕೋಷ್ಟಕದ ಒಂದು ಅಂಕಣ. ಕಾಯಂ ಅಧ್ಯಾಪಕರ ಅನುಭವದ ವರ್ಷಗಳನ್ನು ಕೂಡಿ ಭಾಗಿಸಿ ಸರಾಸರಿ ಕೊಡುವ ವರದಿ ಇವರ ವರ್ಷಗಳನ್ನು ಮಾತಿನಲ್ಲಿಯೂ ಎಣಿಸುವುದಿಲ್ಲ.

ಕೊನೆಗೆ ಭಾಷೆ. ನನ್ನ ಕೈಗೆ ಬಂದವೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಕಲಿತು, ಕನ್ನಡದಲ್ಲಿ ಪರೀಕ್ಷೆ ಬರೆದು, ಕನ್ನಡದಲ್ಲಿಯೇ ಮನೆಯವರಿಗೆ ಫಲಿತಾಂಶ ಹೇಳುವ ಮಕ್ಕಳ ಕಾಲೇಜು ತನ್ನನ್ನು ತಾನು ಅಧ್ಯಯನಮಾಡಿಕೊಂಡದ್ದನ್ನು ಆ ಮಕ್ಕಳಾಗಲಿ ಅವರ ತಂದೆತಾಯಿಗಳಾಗಲಿ ಓದುವಂತಿಲ್ಲ. ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ ಎಂಬುದು ಹೆಸರಿಗೆ ಮಾತ್ರ. ನೂರಾರು ಪುಟ ಬೇಡ. ಹತ್ತು ಪುಟದ ಕನ್ನಡ ಸಾರ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದರೆ ಸಾಕು. ಕನ್ನಡದಲ್ಲಿ ಬರೆಯಹೊರಟಾಗ ‘ಖಾತ್ರಿಪಡಿಸಲಾಗುತ್ತದೆ’ ಎಂದು ಬರೆಯಲು ಕೈ ಸ್ವಲ್ಪವಾದರೂ ಹಿಂಜರಿದೀತು, ಏಕೆಂದರೆ ಓದುವವರು ಎದುರು ಬೆಂಚಿನಲ್ಲಿಯೇ ಕುಳಿತಿರುತ್ತಾರೆ.

ಆ ಹತ್ತು ಪುಟಗಳಿಗೆ ಸರಕು ಆಗಲೇ ಸಿದ್ಧವಾಗಿದೆಯೆಂಬುದು ಬಹುಮಂದಿಗೆ ತಿಳಿದಿಲ್ಲ. ವಿದ್ಯಾರ್ಥಿಗಳ ಸಂತೃಪ್ತಿಯನ್ನು ಅಳೆಯಲು ನ್ಯಾಕ್ ಒಂದು ಪ್ರಶ್ನಾವಳಿ ಮಾಡಿದೆ. ಇಪ್ಪತ್ತು ಪ್ರಶ್ನೆಗಳಿಗೆ ಐದೈದು ಉತ್ತರಗಳು ಅಚ್ಚಾಗಿವೆ. ಪಠ್ಯದ ಎಷ್ಟು ಭಾಗ ಮುಗಿಯಿತು ಎಂಬುದರಿಂದ ಆರಂಭ, ಒಂದನ್ನು ಗುರುತುಮಾಡಬೇಕು. ಇಪ್ಪತ್ತೊಂದನೆಯದು ಬೇರೆ. ಬೋಧನೆ ಕಲಿಕೆ ಸುಧಾರಿಸಲು ನಿನಗೆ ತೋರಿದ ಮೂರು ಸಲಹೆಗಳನ್ನು ಬರೆ ಎಂದು ಅಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆ. ಇಡೀ ಪ್ರಕಾರದಲ್ಲಿ ಕಲಿಯುವವರು ತಮ್ಮ ಬಾಯಿಂದಲೇ ಮಾತಾಡಬಹುದಾದ ಜಾಗ ಅದು. ಮೊದಲ ಇಪ್ಪತ್ತರ ಫಲವನ್ನು ಬಣ್ಣಬಣ್ಣದ ವೃತ್ತಗಳಲ್ಲಿ ನಾನು ಸಾಕಷ್ಟು ನೋಡಿದೆ. ಇಪ್ಪತ್ತೊಂದನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು, ಕಾಗುಣಿತದ ತಪ್ಪುಗಳನ್ನೂ ತಿದ್ದದೆ, ಹಾಗೆಹಾಗೆಯೇ ಅಚ್ಚುಮಾಡಿದ ಒಂದು ವಾರ್ಷಿಕ ಸಂಚಿಕೆ ಎಲ್ಲಿಯಾದರೂ ಹೊರಬಂದಿದ್ದರೆ ದಯಮಾಡಿ ಯಾರಾದರೂ ನನಗೆ ಕಳುಹಿಸಿಕೊಡಬೇಕು. ಅಂಚೆವೆಚ್ಚ ನನ್ನದು.